ಹನ್ನೊಂದನೆಯ ಆವೃತ್ತಿ

ಧಾರವಾಡದ ತಾಳಯಂತ್ರ ಕೇಂದ್ರದಲ್ಲಿ ಮದುವೆಗೆ ನೋಡುವ ಹಾಗೆಯೇ ಸಾಲಾವಳಿ ನೋಡುತ್ತಿದ್ದರು. ನೋಡುತ್ತಿದ್ದದ್ದು ಹುಡುಗ ಹುಡುಗಿಯ ಜಾತಕವನ್ನಲ್ಲ. ಕಂಪೈಲರಿನ ಯಾವ ಆವೃತ್ತಿಗೆ ಯಾವ ಗಣಿತದ ಲೈಬ್ರರಿ ಕೂಡುತ್ತದೆ, ಅವೆರಡಕ್ಕೂ ಯಾವ ಚಿಪ್ಪು ಒಗ್ಗುತ್ತದೆ ಎಂಬುದನ್ನು. ಕಾಗದಪತ್ರದಲ್ಲಿ ಅದಕ್ಕೊಂದು ಮೊಳದುದ್ದದ ಹೆಸರಿತ್ತು. ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕೇಂದ್ರ ಶುರುವಾದ ಹೊಸತರಲ್ಲಿ ಯಾರೋ ತಮಾಷೆಗೆ ಸಾಲಾವಳಿ ಅಂದರು, ಅದೇ ನಿಂತುಬಿಟ್ಟಿತು. ಹದಿನೆಂಟು ವರ್ಷದಿಂದ ಆ ಸಾಲಾವಳಿ ನೋಡುತ್ತ ಬಂದವಳು ಕಸ್ತೂರಿ ಅಮ್ಮಿನಭಾವಿ. ವಯಸ್ಸು ಐವತ್ತೆರಡು. ತನ್ನ ಸಾಲಾವಳಿ ಮಾತ್ರ ಎಲ್ಲೂ ಕೂಡಿಬರಲಿಲ್ಲ ಎಂದು ಅವಳೇ ಮೊದಲು ನಕ್ಕುಬಿಡುತ್ತಿದ್ದಳು, ಹಾಗಾಗಿ ಉಳಿದವರಿಗೆ ಆ ಬಗ್ಗೆ ನಗಲು ಏನೂ ಉಳಿದಿರಲಿಲ್ಲ.

ತಾಳಯಂತ್ರವೆಂದರೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಪೆಟ್ಟಿಗೆ. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದಡಿ ಇಡುತ್ತಾರೆ. ಹಿಂದಿನ ಕಾಲದ ಪೇಸ್‌ಮೇಕರುಗಳು ಹೃದಯ ತಪ್ಪಿದ ಮೇಲೆ ತಟ್ಟುತ್ತಿದ್ದವು. ಇದು ತಪ್ಪುವ ಮೊದಲೇ ತಟ್ಟುತ್ತದೆ. ಪೆಟ್ಟಿಗೆಯೊಳಗೆ ಆ ಮನುಷ್ಯನದೇ ಇನ್ನೊಂದು ಹೃದಯವಿರುತ್ತದೆ, ಬರೀ ಅಂಕಿಗಳಲ್ಲಿ ಕಟ್ಟಿದ್ದು. ಮೂರು ಲಕ್ಷ ಕಣಗಳ ಈ ಲೆಕ್ಕದ ಹೃದಯ ರಕ್ತಮಾಂಸದ ಹೃದಯಕ್ಕಿಂತ ಅರ್ಧ ಸೆಕೆಂಡು ಮುಂದೆ ನಡೆಯುತ್ತದೆ. ಎಲ್ಲಿ ಎಡವುವ ಸಂಭವವಿದೆಯೋ ಅಲ್ಲಿ ಹಿಂದಿನದಕ್ಕೆ ಮೆಲ್ಲನೆ ಎಚ್ಚರಿಕೆ ಕೊಡುತ್ತದೆ. ಹನ್ನೆರಡು ವರ್ಷದ ಹಿಂದೆ ಮೊದಲ ಬಾರಿಗೆ ನಾಲ್ಕು ಸಾವಿರ ಜನರಿಗೆ ಇದನ್ನು ಹಾಕಿದ್ದರು. ಬದುಕುವುದಿಲ್ಲ ಅಂದವರೆಲ್ಲ ಎದ್ದು ಓಡಾಡತೊಡಗಿದರು. ಧಾರವಾಡದ ಓಣಿ ಓಣಿಯಲ್ಲೂ ತಾಳ ಹಾಕಿಸಿಕೊಂಡವರು ಸಿಗುತ್ತಿದ್ದರು.

ಈಗ ಅವರ ಬ್ಯಾಟರಿಗಳ ಆಯುಷ್ಯ ಮುಗಿಯುತ್ತ ಬಂದಿತ್ತು. ಹಳೆಯ ಚಿಪ್ಪನ್ನು ಮಾಡುವವರು ಮಾಡುವುದನ್ನು ನಿಲ್ಲಿಸಿಯೇ ಆರು ವರ್ಷವಾಗಿತ್ತು. ಹೊಸ ಪೆಟ್ಟಿಗೆಯಲ್ಲಿ ಹೊಸ ಚಿಪ್ಪು. ವಿಜ್ಞಾನಿಗಳು ಬರೆದ ಪ್ರೋಗ್ರಾಂ ಅದೇ ಇದ್ದರೂ, ಅದನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ಇಳಿಸಿಕೊಡುವುದು ಕಂಪೈಲರು, ಮತ್ತು ಒಂದೊಂದು ಆವೃತ್ತಿಯ ಕಂಪೈಲರೂ ಅದೇ ಸಾಲನ್ನು ತನ್ನದೇ ರೀತಿಯಲ್ಲಿ ಇಳಿಸುತ್ತದೆ. ಹಳೆಯ ಪೆಟ್ಟಿಗೆಗಳದ್ದು ಹನ್ನೊಂದನೆಯ ಆವೃತ್ತಿ. ಹನ್ನೊಂದಕ್ಕೆ ಈ ಹೊಸ ಚಿಪ್ಪಿನ ಪರಿಚಯವೇ ಇರಲಿಲ್ಲ; ಪರಿಚಯ ಶುರುವಾಗುವುದೇ ಹದಿನಾಲ್ಕರಿಂದ. ಗಣಿತದ ಲೈಬ್ರರಿ ಹದಿನಾರಕ್ಕಿಂತ ಕೆಳಗೆ ಇಳಿಯಲೊಲ್ಲದು. ಹೃದಯದ ಚಿತ್ರ ಓದುವ ಲೈಬ್ರರಿ ಹದಿನೇಳು ದಾಟಲೊಲ್ಲದು. ಕಸ್ತೂರಿ ನಾಲ್ಕು ತಿಂಗಳು ಗೋಡೆಯ ಮೇಲೆ ಯಾವುದಕ್ಕೆ ಯಾವುದು ಕೂಡುತ್ತದೆ ಎಂಬ ತಖ್ತೆ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಹದಿನಾರನ್ನು ಆರಿಸಿದಳು.

ಆರಿಸಿದರಷ್ಟೇ ಸಾಲದು, ಮೂಲ ಉತ್ತರಕ್ಕೆ ತಾಳೆ ನೋಡಬೇಕು. ಇದು ಕೇಂದ್ರದ ಕಟ್ಟುನಿಟ್ಟಿನ ಪದ್ಧತಿ. ಕೇಂದ್ರದಲ್ಲಿ ಒಂದು ಮಾದರಿ ಹೃದಯವಿದೆ, ಯಾರದೂ ಅಲ್ಲದ್ದು. ಅದರ ಒಂದು ವಾರದ ಬಡಿತವನ್ನು ಕಂಪ್ಯೂಟರಿನಲ್ಲಿ ಕೆಲವೇ ಗಂಟೆಗಳಲ್ಲಿ ನಡೆಸಿದರೆ ಬರಬೇಕಾದ ಏಳು ನೂರು ಅಂಕಿಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಹೊಸ ಕಂಪೈಲರಿನಿಂದ ಹುಟ್ಟಿದ ಪ್ರೋಗ್ರಾಂ ಅದೇ ಏಳು ನೂರು ಅಂಕಿಗಳನ್ನು ಹನ್ನೆರಡು ದಶಮಾಂಶ ಸ್ಥಾನದವರೆಗೆ ತಪ್ಪದೆ ಕೊಟ್ಟರೆ ಪಾಸು, ಇಲ್ಲದಿದ್ದರೆ ಯಾವ ಮನುಷ್ಯನ ಮೈಯೊಳಗೂ ಹೋಗುವಂತಿಲ್ಲ. ಹದಿನಾರು ಪಾಸಾಯಿತು. ಕಸ್ತೂರಿ ಸಹಿ ಹಾಕಿದಳು.

ಮೊದಲ ಪ್ರಯೋಗಕ್ಕೆ ಆರು ಜನ ಬೇಕಿತ್ತು. ಪಟ್ಟಿಯ ತಲೆಯಲ್ಲಿದ್ದ ಹೆಸರು ಅವಳ ಅಣ್ಣ ಫಕೀರಪ್ಪನದು, ಹನ್ನೆರಡು ವರ್ಷದ ಹಿಂದೆ ತಾಳ ಹಾಕಿಸಿಕೊಂಡವರಲ್ಲಿ ಅವನೂ ಒಬ್ಬ. ನೌಕರರ ಮನೆಯವರನ್ನು ಪ್ರಯೋಗಕ್ಕೆ ಸೇರಿಸಬಾರದೆಂಬ ನಿಯಮವಿತ್ತು. ನಿಯಮವನ್ನು ತೋರಿಸಿ ಆ ಹೆಸರನ್ನು ತೆಗೆಸಿದವಳು ಅವಳೇ, ತೆಗೆಸಿದ ಮೇಲೆ ಮನಸ್ಸು ಹಗುರಾದದ್ದೂ ನಿಜ. ಏಳನೆಯ ಹೆಸರು ಮೇಲೆ ಬಂತು: ಮೌಲಾಸಾಬ ನದಾಫ. ಫಕೀರಪ್ಪನೂ ಅವರೂ ನಲವತ್ತು ವರ್ಷ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು, ಆಮೇಲೆ ಅದೇ ಗರಡಿಗೆ ಇಬ್ಬರೂ ವಸ್ತಾದರಾಗಿ ಪೈಲ್ವಾನರಿಗೆ ಪಟ್ಟು ಹೇಳಿಕೊಟ್ಟವರು.

ಹೊಸ ಪೆಟ್ಟಿಗೆ ಹಾಕಿದ ಐವತ್ತನೆಯ ದಿನ ಮೌಲಾಸಾಬರು ತೀರಿಕೊಂಡರು.

ಕೇಂದ್ರದ ವರದಿ ಬರಲು ಎರಡು ವಾರ ಹಿಡಿಯಿತು. ‘ಯಂತ್ರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ವೈದ್ಯರ ಸೂಚನೆ ಮೀರಿ ಗರಡಿಯಲ್ಲಿ ಸಾಮು ಮಾಡಿದ್ದು ಕಾರಣ.’ ಜೊತೆಗೆ ಪರೀಕ್ಷೆ ಪಾಸಾದ ತಖ್ತೆ, ಅದರ ಕೆಳಗೆ ಕಸ್ತೂರಿಯ ಸಹಿ. ಆ ಸಂಜೆ ಅವಳು ಅಣ್ಣನ ಮನೆಗೆ ಹೋದಾಗ ಫಕೀರಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ವರದಿಯಲ್ಲಿ ಏನಿದೆ ಎಂದು ಊರಿಗೆಲ್ಲ ಆಗಲೇ ಗೊತ್ತಾಗಿತ್ತು.

“ಅವತ್ತ ಅಂವಾ ಸಾಮು ಮಾಡೇ ಇಲ್ಲ,” ಅಂದ ಫಕೀರಪ್ಪ. “ಮಣ್ಣ ಹದಾ ಮಾಡೂ ದಿನಾ ಅದು. ಮಜ್ಜಗಿ ಸುರದು, ನಿಂಬಿಹಣ್ಣ ಹಿಂಡಾಕತ್ತಿದ್ದ. ನಾ ಬಾಜೂಕ ಕುಂತಿದ್ದೆ. ‘ಫಕೀರಾ, ಒಳಗಿನಾಂವಾ ಹೆಜ್ಜಿ ತಪ್ಪಸಾಕತ್ತಾನ’ ಅಂದ. ಅಷ್ಟ. ಹಂಗ ವಾಲಿದ.”

“ವರದಿಯೊಳಗ ಹಂಗಿಲ್ಲಲ್ಲ, ಅಣ್ಣಾ.”

“ವರದಿ ಬರದಾಂವಾ ಗರಡ್ಯಾಗ ಇದ್ದನೇನು? ನನ್ನನ್ನ ಒಬ್ಬರರೆ ಬಂದ ಕೇಳಿದ್ರೇನು?”

ಯಾರೂ ಕೇಳಿರಲಿಲ್ಲ. ಕುಸ್ತಿ ಆಡುವವನು ಗರಡಿಯಲ್ಲಿ ಬಿದ್ದ ಅಂದರೆ ಕುಸ್ತಿ ಆಡಿಯೇ ಬಿದ್ದಿರಬೇಕು ಎಂದು ಓದಿದವರು ತೀರ್ಮಾನ ಮಾಡಿಬಿಟ್ಟಿದ್ದರು. ಕಸ್ತೂರಿಯೂ ಹಾಗೆಯೇ ಅಂದುಕೊಂಡಿದ್ದಳು.

“ನಂದ ಬ್ಯಾಟರಿ ಇನ್ನ ಎಷ್ಟ ದಿನಾ ಐತಿ?” ಅಣ್ಣ ಎದೆಯ ಮೇಲಿನ ಉಬ್ಬನ್ನು ಬೆರಳಿನಿಂದ ಮುಟ್ಟಿಕೊಂಡು ಕೇಳಿದ.

“ಮೂವತ್ಮೂರು.”

“ನನಗೂ ಆ ಹದಿನಾರನೇದ ಹಾಕವ್ರೇನು?”

ಅಪ್ಪ ಸತ್ತಾಗ ಕಸ್ತೂರಿಗೆ ಒಂಬತ್ತು ವರ್ಷ, ಅಣ್ಣನಿಗೆ ಹತ್ತೊಂಬತ್ತು. ಅಂದಿನಿಂದ ಅವಳ ಕೈಹಿಡಿದು ನಡೆಸಿದವನು ಇವನು. ಹದಿನಾರಲ್ಲದೆ ಬೇರೆ ಯಾವುದೂ ಇಲ್ಲ, ಹದಿನಾರು ಹಾಕದಿದ್ದರೆ ಬ್ಯಾಟರಿ ಸಾಯುತ್ತದೆ, ಹದಿನಾರು ಹಾಕಿದರೆ ಏನಾಗುತ್ತದೋ ಗೊತ್ತಿಲ್ಲ. ಅವಳು ಎದ್ದು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಮೌಲಾಸಾಬರ ಪೆಟ್ಟಿಗೆಯ ಐವತ್ತು ದಿನದ ದಾಖಲೆಯನ್ನು ಕಂಟ್ರೋಲ್ ರೂಮಿನ ಪರದೆಯ ಮೇಲೆ ಹರಡಿದಳು. ಯಂತ್ರ ತನ್ನ ಕೆಲಸವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡಿತ್ತು. ತಪ್ಪಿದ್ದು ಹೃದಯ. ಲೆಕ್ಕದ ಹೃದಯ ಕರೆದ ಕಡೆಗೆ ಬರದೆ, ಅದು ಇನ್ನೆಲ್ಲೋ ಕರೆ ಬರುವುದೆಂದು ಕಾಯುತ್ತ ನಿಂತಂತಿತ್ತು. ಮೊದಲ ವಾರ ಸೆಕೆಂಡಿನ ಸಾವಿರದಲ್ಲೊಂದು ಪಾಲು ತಡ. ಆರನೆಯ ವಾರಕ್ಕೆ ಇಪ್ಪತ್ತು ಪಾಲು. ಕೊನೆಯ ದಿನ ಬರಲೇ ಇಲ್ಲ.

ಎಲ್ಲಿ ಕಾಯುತ್ತಿತ್ತು? ಹನ್ನೆರಡು ವರ್ಷ ಕರೆಯುತ್ತಿದ್ದ ಹಳೆಯ ಲೆಕ್ಕಕ್ಕೆ ಕಾಯುತ್ತಿತ್ತೆ? ಎರಡೂ ಲೆಕ್ಕ ಒಂದೇ ಇರಬೇಕಲ್ಲ, ಎರಡೂ ಅದೇ ಪರೀಕ್ಷೆ ಪಾಸಾದವು. ಸುಮ್ಮನೆ ಸಂಶಯ ಬೇಡವೆಂದು ಅವಳು ಉಗ್ರಾಣಕ್ಕೆ ಹೋದಳು. ಅಲ್ಲಿ ಹಳೆಯ ಚಾದರ ಹೊದಿಸಿಟ್ಟ ಒಂದು ಕಂಪ್ಯೂಟರ್ ಇತ್ತು. ಹನ್ನೊಂದನೆಯ ಆವೃತ್ತಿ ಇನ್ನೂ ಜೀವ ಹಿಡಿದುಕೊಂಡಿದ್ದದ್ದು ಅದೊಂದರಲ್ಲೇ. ಧೂಳು ಒರೆಸಿ, ಮಾದರಿ ಹೃದಯವನ್ನು ಹನ್ನೊಂದರಲ್ಲಿ ನಡೆಸಿದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಉತ್ತರ ಬಂತು: ಏಳು ನೂರರಲ್ಲಿ ನಾಲ್ಕು ನೂರ ಹನ್ನೆರಡು ಅಂಕಿಗಳು ತಾಳೆಯಾಗಿಲ್ಲ. ಪರೀಕ್ಷೆ ಫೇಲು.

ನಾಲ್ಕು ಸಾವಿರ ಜನರನ್ನು ಹನ್ನೆರಡು ವರ್ಷ ಬದುಕಿಸಿದ ಪ್ರೋಗ್ರಾಂ ಫೇಲು. ಕಸ್ತೂರಿ ಇನ್ನೆರಡು ಸಲ ನಡೆಸಿ ನೋಡಿದಳು. ಆಮೇಲೆ ಮೂಲ ಉತ್ತರದ ಕಡತ ಯಾವತ್ತಿನದೆಂದು ನೋಡಿದಳು. ಹನ್ನೆರಡು ವರ್ಷ ಹಳೆಯದಾಗಿರಬೇಕಿತ್ತು, ಒಂಬತ್ತು ವರ್ಷದ್ದಾಗಿತ್ತು. ಕೇಂದ್ರದಲ್ಲಿ ಇಂಥ ಬದಲಾವಣೆಯನ್ನೆಲ್ಲ ಕೈಬರಹದಲ್ಲಿ ಬರೆದಿಡುವ ರಿಜಿಸ್ಟರೊಂದಿದೆ. ಅದರಲ್ಲಿ ಆ ತಾರೀಖಿನ ಎದುರು ಒಂದೂವರೆ ಸಾಲು: ‘ಮೂಲ ಉತ್ತರ ಬದಲಿಸಲಾಗಿದೆ. ಹೊಸದು ಹೆಚ್ಚು ನಿಖರ.’ ಕೆಳಗೆ ಅವಳದೇ ಸಹಿ.

ಅವಳು ಮರೆತೇಬಿಟ್ಟಿದ್ದ, ಒಂಬತ್ತು ವರ್ಷದ ಹಿಂದಿನ ಆ ನಾಲ್ಕು ದಿನ ಒಂದೊಂದಾಗಿ ನೆನಪಾದವು. ಆಗ ಹೊಸ ರೋಗಿಗಳಿಗಾಗಿ ಹದಿಮೂರನೆಯ ಆವೃತ್ತಿ ತಂದಿದ್ದರು. ಅಂಕಿಗಳು ತಾಳೆಯಾಗಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಬಲು ಸಣ್ಣ ಸಂಗತಿ. ಎರಡು ಅಂಕಿ ಗುಣಿಸಿ ಮೂರನೆಯದನ್ನು ಕೂಡಿಸಬೇಕಾದಾಗ ಹನ್ನೊಂದು ಗುಣಿಸಿದ ಮೇಲೊಮ್ಮೆ, ಕೂಡಿಸಿದ ಮೇಲೊಮ್ಮೆ, ಹೀಗೆ ಎರಡು ಸಲ ಕೊನೆಯ ಸ್ಥಾನದಾಚೆಯ ಚೂರನ್ನು ಸವರಿ ಬಿಡುತ್ತಿತ್ತು. ಹದಿಮೂರು ಎರಡನ್ನೂ ಒಟ್ಟಿಗೆ ಮಾಡಿ ಒಂದೇ ಸಲ ಸವರುತ್ತಿತ್ತು. ಜೋಳವನ್ನು ಎರಡು ಸಲ ಅಳೆದರೆ ಎರಡು ಸಲ ನಾಲ್ಕು ಕಾಳು ಕೆಳಗೆ ಬೀಳುತ್ತವೆ, ಒಂದು ಸಲ ಅಳೆದರೆ ಒಂದೇ ಸಲ, ಅಷ್ಟೇ ವ್ಯತ್ಯಾಸ. ಯಾವುದು ಸರಿ ಎಂದು ಅವಳು ಬೇರೆ ದಾರಿಯಿಂದ, ನೂರು ಸ್ಥಾನದವರೆಗೆ ಲೆಕ್ಕ ಹಾಕಿಸಿ ನೋಡಿದ್ದಳು. ಹದಿಮೂರೇ ಸರಿ ಇತ್ತು. ಮೂಲ ಉತ್ತರವೇ ತಪ್ಪೆಂದು ಕಂಡುಹಿಡಿದ ಹೆಮ್ಮೆಯಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟಳು. ತೂಕ ತಾಳೆಯಾಗಲಿಲ್ಲವೆಂದು ಕಲ್ಲನ್ನೇ ಬದಲಾಯಿಸಿದ ಹಾಗೆ.

ಅಂದಿನ ಮುಖ್ಯಸ್ಥರು ಬೆನ್ನು ತಟ್ಟಿದ್ದರು. ಹದಿಮೂರು ಹಾಕಿಸಿಕೊಂಡ ಹೊಸಬರೂ ಚೆನ್ನಾಗಿಯೇ ಇದ್ದರು, ಅವರ ಹೃದಯ ಮೊದಲ ದಿನದಿಂದ ಸರಿಯಾದ ಲೆಕ್ಕದ ಜೊತೆಗೇ ನಡೆದದ್ದು. ಹಳಬರ ಮಾತು ಬೇರೆ. ಹೃದಯದ ಸ್ನಾಯು ಹೇಗೆ ನಡೆಸಿದರೆ ಹಾಗೆ ಬೆಳೆಯುತ್ತದೆ ಎಂಬುದು ವೈದ್ಯರಿಗೆ ಯಾವತ್ತಿನಿಂದಲೂ ಗೊತ್ತು. ಹನ್ನೆರಡು ವರ್ಷದಲ್ಲಿ ನಲವತ್ತಮೂರು ಕೋಟಿ ಸಲ ಆ ನಾಲ್ಕು ಕಾಳು ಉದುರಿಸುತ್ತ ನಡೆದ ಹೃದಯಗಳು ಆ ತಪ್ಪನ್ನೇ ತಮ್ಮದು ಮಾಡಿಕೊಂಡಿದ್ದವು. ಅವುಗಳ ಮುಂದೆ ಈಗ ಸರಿಯಾದ ಲೆಕ್ಕವನ್ನು ತಂದು ನಿಲ್ಲಿಸಿದರೆ ಅವಕ್ಕದು ಅಪರಿಚಿತ. ಪರೀಕ್ಷೆ ಇದನ್ನು ಹಿಡಿಯಬೇಕಿತ್ತು. ಹಿಡಿಯದ ಹಾಗೆ ಮಾಡಿದವಳು ಅವಳು. ಕಸ್ತೂರಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ನಿಂಬೆಹಣ್ಣು ಹಿಂಡುತ್ತಿದ್ದ ಮನುಷ್ಯನನ್ನು ತಾನು ಕೊಂದೆ ಎಂಬ ಮಾತನ್ನು ಮನಸ್ಸಿನಲ್ಲಿ ಒಂದು ಸಲ ನೇರವಾಗಿ ಹೇಳಿಕೊಂಡಳು. ಆಮೇಲೆ ಕೆಲಸಕ್ಕೆ ಕೂತಳು.

ಬೇಕಾದದ್ದು ಹೊಸ ಚಿಪ್ಪಿನ ಮೇಲೆ ಹಳೆಯ ತಪ್ಪು. ಹದಿನಾರಕ್ಕೆ ‘ಎರಡು ಸಲ ಸವರು’ ಎಂದು ಹೇಳಿದರೆ ಅದು ಕೇಳುತ್ತಿರಲಿಲ್ಲ. ಹದಿನಾಲ್ಕಕ್ಕೆ ಹೇಳಿದ ಮಾತು ಕೇಳುವ ಬುದ್ಧಿ ಇನ್ನೂ ಇತ್ತು. ಆದರೆ ಗಣಿತದ ಲೈಬ್ರರಿ ಹದಿನಾಲ್ಕಕ್ಕೆ ಕೂಡದು. ಹಾಗಾಗಿ ಹನ್ನೊಂದರ ಕಾಲದ ಲೈಬ್ರರಿಯ ಮೂಲ ಬರಹವನ್ನೇ ಹುಡುಕಿ ತೆಗೆದು, ಹದಿನಾಲ್ಕರಿಂದಲೇ ಸಾಲು ಸಾಲಾಗಿ ಹೊಸದಾಗಿ ಕಟ್ಟಿಸಿದಳು. ಹಳೆಯ ಕಾಲದ ಬರವಣಿಗೆ. ಪ್ರತಿ ಪುಟಕ್ಕೂ ಹದಿನಾಲ್ಕು ತಕರಾರು ತೆಗೆಯುತ್ತಿತ್ತು. ಹನ್ನೊಂದನೆಯ ದಿನ ಸಂಜೆ ಏಳು ನೂರಕ್ಕೆ ಏಳು ನೂರು ಅಂಕಿಗಳೂ ಉಗ್ರಾಣದ ಹಳೆಯ ಕಂಪ್ಯೂಟರಿನ ಉತ್ತರಕ್ಕೆ ತಾಳೆಯಾದವು. ಅಣ್ಣನ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು ದಿನ ಉಳಿದಿತ್ತು.

ಈಗಿನ ನಿರ್ದೇಶಕರು ಡಾ. ರಂಗನಾಥ ದೀಕ್ಷಿತ, ಮೈಸೂರು ಕಡೆಯವರು, ಮೆತ್ತಗಿನ ಮಾತಿನ ಮನುಷ್ಯ. ಮರುದಿನ ಕಸ್ತೂರಿ ಹೇಳಿದ್ದನ್ನೆಲ್ಲ ಅವರು ಕಣ್ಣುಮುಚ್ಚಿ ಕೇಳಿಸಿಕೊಂಡರು. ಪ್ರಯೋಗದ ಉಳಿದ ಐವರನ್ನು ಅವತ್ತೇ ಆಸ್ಪತ್ರೆಗೆ ಕರೆಸಲು ಫೋನು ಮಾಡಿದರು. ಅದರಲ್ಲಿ ಎರಡನೆಯ ಯೋಚನೆಯನ್ನೇ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರೇ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಪ್ಪು ಅಂತ ಗೊತ್ತಿರೋ ಲೆಕ್ಕಾನ ಜನರ ಮೈಯೊಳಗೆ ಹಾಕ್ಬೇಕು ಅಂತೀರಲ್ಲ, ಕಸ್ತೂರಿ ಅವರೇ.”

“ಅವರ ಹೃದಯ ಕಲಿತದ್ದು ಅದನ್ನ, ಸರ್.”

“ನಮ್ಮ ಪರೀಕ್ಷೆ ಪಾಸಾಗಲ್ಲ ಅದು.”

“ಪರೀಕ್ಷಾ ತಪ್ಪೈತಿ, ಸರ್. ನಾನ ಮಾಡಿದ್ದು.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ನಿಮ್ಮ ಅಣ್ಣಂಗೆ ವಿಶೇಷ ಪ್ರಕರಣ ಅಂತ ಹದಿನಾಲ್ಕು ಹಾಕೋಣ. ನಾನೇ ಸಹಿ ಮಾಡ್ತೀನಿ, ನಾಳೇನೇ ಆಪರೇಷನ್. ಉಳಿದವರಿಗೂ ಸದ್ದಿಲ್ಲದೆ ಅದನ್ನೇ ಕೊಟ್ಕೊಂಡು ಹೋಗೋಣ. ಮೌಲಾಸಾಬರ ವರದಿ ಮಾತ್ರ ಹಾಗೇ ಇರ್ಲಿ. ಅದನ್ನ ವಾಪಸ್ ತಗೊಂಡ್ರೆ ವಿಚಾರಣೆ, ಕೋರ್ಟು, ಕೇಂದ್ರಕ್ಕೆ ಬೀಗ. ಆಗ ಈ ನಾಲ್ಕು ಸಾವಿರ ಜನರ ಗತಿ ಏನು, ನೀವೇ ಹೇಳಿ.”

ಅದು ಬರೀ ತಮ್ಮನ್ನು ಉಳಿಸಿಕೊಳ್ಳುವವರ ಮಾತಾಗಿದ್ದರೆ ಕಸ್ತೂರಿ ಅಲ್ಲೇ ಬೇಡ ಅನ್ನುತ್ತಿದ್ದಳೇನೋ. ಆದರೆ ಅದರಲ್ಲಿ ನಿಜವೂ ಇತ್ತು. ಆಗಲಿ ಎನ್ನುವ ಮಾತು ಅವಳ ಬಾಯಿತನಕ ಬಂದಿತ್ತು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದಳು.

ಅಣ್ಣನ ಮನೆಯಲ್ಲಿ ಅವನ ಹೆಂಡತಿ ಗಂಗವ್ವ ವೈನಿ ರೊಟ್ಟಿ ಬಡಿಯುತ್ತಿದ್ದಳು, ಫಕೀರಪ್ಪ ಒಲೆಯ ಹತ್ತಿರವೇ ಊಟಕ್ಕೆ ಕೂತಿದ್ದ. ಕಸ್ತೂರಿ ಇಬ್ಬರಿಗೂ ಕೇಳುವ ಹಾಗೆ ಮೊದಲಿನಿಂದ ಹೇಳಿದಳು: ಅಳಿಸಿದ ಉತ್ತರ, ಮೌಲಾಸಾಬರ ಹೃದಯ ತಡವಾದದ್ದು, ಹದಿನಾಲ್ಕು, ದೀಕ್ಷಿತರ ಮಾತು. ಪಟ್ಟಿಯಿಂದ ಹೆಸರು ತೆಗೆಸಿದ್ದನ್ನೂ ಹೇಳಿದಳು.

“ಅದಕ್ಕ ನಿಯಮಾ ಇತ್ತಂತಲ್ಲ,” ಅಂದ ಫಕೀರಪ್ಪ.

“ಇತ್ತು. ಇರಲಿಲ್ಲಂದ್ರೂ ನಾ ತಗಸ್ತಿದ್ದೆ ಅನಸ್ತೈತಿ, ಅಣ್ಣಾ.”

ಅವನು ತುತ್ತನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದುಕೊಂಡ. ವೈನಿ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ಕೂತಿದ್ದಳು.

“ನಾಳೆ ಹೋಗಿ ಹಾಕಿಸ್ಕೋರಿ,” ಅಂದಳು ವೈನಿ. “ಸತ್ತಾರು ಹೊಳ್ಳಿ ಬರೂದಿಲ್ಲ. ಮದಲ ನಿಮ್ಮ ಜೀವಾ ಉಳೀಲಿ, ಹೇಳೂದನ್ನ ಆಮ್ಯಾಲೆ ಹೇಳಿದ್ರಾತು.”

“ಆಮ್ಯಾಲೆ ಯಾರೂ ಹೇಳೂದಿಲ್ಲ, ಗಂಗೂ. ನಾನೂ ಹೇಳೂದಿಲ್ಲ. ಜೀವಾ ಉಳದ ಮ್ಯಾಲೆ ಮ್ಯಾಲಿಂದ ಮ್ಯಾಲೆ ಮುಂದ ಹಾಕ್ತೀವಿ.” ಅವನು ತಂಗಿಯ ಕಡೆ ತಿರುಗಿದ. “ಊರ ಮಂದಿ ಅವನ ಹೇಣ್ತೀಗೆ ಏನ ಅನ್ನಾಕತ್ತಾರ ಗೊತ್ತೈತೇನು? ಗಂಡನ್ನ ಗರಡಿಗೆ ಹೋಗದಂಗ ಹಿಡಕೊಳ್ಳಾಕ ಆಗಲಿಲ್ಲ ನಿನಗ, ಅಂತ. ಮೌಲಾನ ಹೆಸರ ಮ್ಯಾಲೆ ಸುಳ್ಳ ಹಂಗ ಬಿಟ್ಟು ನನ್ನ ಎದಿಯೊಳಗ ಏನೂ ಇಡಬ್ಯಾಡ. ನಾ ಇಡಸಿಕೊಳ್ಳೂದಿಲ್ಲ.”

“ತಡಾ ಆದ್ರ, ಅಣ್ಣಾ…”

“ಆಗ್ಲಿ.”

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳು ಕಸ್ತೂರಿಯ ಜೊತೆ ಮಾತು ಬಿಟ್ಟಳು. ಕಸ್ತೂರಿ ಅದನ್ನು ತಪ್ಪೆನ್ನಲಿಲ್ಲ. ವೈನಿಯ ಜಾಗದಲ್ಲಿ ತಾನಿದ್ದರೂ ಬಿಡುತ್ತಿದ್ದೆ ಅನಿಸಿತು.

ಮರುದಿನ ಅವಳು ಏಳು ಪುಟದ ಹೇಳಿಕೆ ಬರೆದು ಕೇಂದ್ರದ ಮೇಲೆ ಕಣ್ಣಿಡುವ ಸರಕಾರದ ಸುರಕ್ಷಾ ಸಮಿತಿಗೆ ಕಳಿಸಿದಳು. ಯಾವ ತಾರೀಖಿನಂದು ಏನನ್ನು ಅಳಿಸಿದಳೋ ಎಲ್ಲವನ್ನೂ ಬರೆದಳು, ವರದಿ ಸುಳ್ಳೆಂದು ಬರೆದಳು. ಒಂದೇ ಗಂಟೆಯಲ್ಲಿ ಅವಳ ಗುರುತಿನ ಚೀಟಿ ಬಾಗಿಲು ತೆರೆಯುವುದನ್ನು ನಿಲ್ಲಿಸಿತು. ದೀಕ್ಷಿತರು ಮೊಗಸಾಲೆಯಲ್ಲಿ ಎದುರಾದರೂ ಬೈಯಲಿಲ್ಲ, ಮುಖ ಬೇರೆ ಕಡೆ ತಿರುಗಿಸಿಕೊಂಡರು.

ಅಲ್ಲಿಂದ ಅವಳು ನೇರವಾಗಿ ಮೌಲಾಸಾಬರ ಮನೆಗೆ ಹೋದಳು. ಅವರ ಹೆಂಡತಿ ಮೆಹಬೂಬಿ ಅಂಗಳದಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದಳು, ಕೂದಲ ಮೇಲೆಲ್ಲ ಹತ್ತಿಯ ಎಳೆ. ಕೂರು ಅಂದಳು. ಕಸ್ತೂರಿ ನಿಂತೇ ಹೇಳಿದಳು. ಕಂಪೈಲರು, ಸ್ಥಾನ, ಸವರುವುದು ಎಂದೆಲ್ಲ ಹೇಳಲು ಹೋಗಲಿಲ್ಲ. ಮೌಲಣ್ಣನ ಹೃದಯ ಹನ್ನೆರಡು ವರ್ಷ ಒಂದು ಲೆಕ್ಕಕ್ಕೆ ನಡೆದಿತ್ತು, ಆ ಲೆಕ್ಕವನ್ನು ನಾನು ಅಳಿಸಿಬಿಟ್ಟಿದ್ದೆ, ಹೊಸ ಪೆಟ್ಟಿಗೆಯಲ್ಲಿ ಬೇರೆ ಲೆಕ್ಕ ಹೋಯಿತು, ಅದಕ್ಕೇ ಹೃದಯ ನಿಂತಿತು ಎಂದಳು.

ಮೆಹಬೂಬಿ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. “ಆ ಹಳೇದನ್ನ ಹಾಕಿದ್ರ ಬದಕತಿದ್ರೇನು?”

“ಬದಕತಿದ್ರು, ಭಾಬಿ.”

“ಸಾಮು ಮಾಡಿದ್ದಕ್ಕ ಅಲ್ಲ?”

“ಅಲ್ಲ. ಅವತ್ತ ಅವರು ಸಾಮು ಮಾಡೇ ಇರಲಿಲ್ಲ. ಅಣ್ಣಾ ಬಾಜೂಕ ಇದ್ದ.”

ಮೆಹಬೂಬಿ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: “ಸಾಮು ಮಾಡೂದಿಲ್ಲ ಅಂತ ನನ್ನ ಕೈಮ್ಯಾಲೆ ಕೈ ಇಟ್ಟ ಮಾತ ಕೊಟ್ಟಿದ್ರು. ದಿನಾ ನಮಾಜ ಮುಗಿಸಿ ಬೈತಿದ್ದೆ ಅವರನ್ನ. ಮಾತ ಕೊಟ್ಟ ತಪ್ಪಿದ್ರಿ, ನನ್ನ ನಡುನೀರಾಗ ಬಿಟ್ಟ ಹೋದ್ರಿ ಅಂತ. ಸತ್ತವ್ರನ್ನ ಬೈದೆ ನಾನು.”

ಕಸ್ತೂರಿಗೆ ಆಗ ಅಳು ಬಂತು. ಮೆಹಬೂಬಿ ಅವಳನ್ನು ಸಮಾಧಾನ ಮಾಡಲಿಲ್ಲ.

“ನಿನಗ ಮಾಫ್ ಮಾಡೂದು ನನ್ನಿಂದ ಆಗೂದಿಲ್ಲ, ಕಸ್ತೂರಿ.”

“ಅದನ್ನ ಕೇಳಾಕ ಬಂದಿಲ್ಲ, ಭಾಬಿ.”

“ಆದ್ರ ಇದನ್ನ ನನ್ನ ಅಂಗಳದಾಗ ಹೇಳಿದ್ರ ಸಾಲೂದಿಲ್ಲ. ಗರಡ್ಯಾಗ ಹೇಳು. ಅವರ ಕೈಯಾಗ ಕಲ್ತವ್ರೆಲ್ಲಾ ಅಲ್ಲೇ ಅದಾರ. ಮುದುಕಾ ಹಟಾ ಮಾಡಿ ಸತ್ತ ಅನ್ನಾಕತ್ತಾರ ಅವರೂ.” ಅವಳು ಹತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು. “ಫಕೀರಪ್ಪಣ್ಣಾ ಹೊಸಾ ಪೆಟಗಿ ಹಾಕಿಸ್ಕೊಂಡ ಎದ್ದ ನಿಂದರ್ಲಿ. ಅವನೂ ಇರಬೇಕು.”

ಎದ್ದು ನಿಲ್ಲುತ್ತಾನೋ ಇಲ್ಲವೋ ಯಾರಿಗೆ ಗೊತ್ತಿತ್ತು? ಸಮಿತಿ ಪ್ರಶ್ನೆ ಕಳಿಸಿತು, ಕಸ್ತೂರಿ ಉತ್ತರ ಕಳಿಸಿದಳು. ಸಮಿತಿ ಮತ್ತೆ ಪ್ರಶ್ನೆ ಕಳಿಸಿತು. ತಪ್ಪು ಲೆಕ್ಕಕ್ಕೆ ಒಪ್ಪಿಗೆ ಕೊಟ್ಟ ಉದಾಹರಣೆ ಅವರ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಅಣ್ಣನ ಪೆಟ್ಟಿಗೆಯಲ್ಲಿ ಹದಿನಾರು ದಿನ ಉಳಿಯಿತು, ಆಮೇಲೆ ಹನ್ನೆರಡು, ಆಮೇಲೆ ಏಳು. ಫಕೀರಪ್ಪ ಮೆಟ್ಟಿಲು ಹತ್ತುವುದನ್ನು ಬಿಟ್ಟ, ಗರಡಿಗೆ ಹೋಗುವುದನ್ನು ಬಿಟ್ಟ, ಆದರೆ ತಂಗಿಗೆ ಬೇಗ ಮಾಡು ಎಂದು ಒಂದು ದಿನವೂ ಹೇಳಲಿಲ್ಲ. ಕಸ್ತೂರಿ ಮನೆಯಲ್ಲಿ ಕೂತು ಆ ಅಂಕಿಗಳನ್ನು ಎಣಿಸುತ್ತ, ದೀಕ್ಷಿತರ ಮಾತಿಗೆ ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ಅಣ್ಣ ಚೆನ್ನಾಗಿರುತ್ತಿದ್ದ ಎಂದು ದಿನಕ್ಕೆ ನೂರು ಸಲ ಅಂದುಕೊಂಡಳು. ತಾನು ಮಾಡಿದ್ದು ಸರಿ ಎಂಬ ಧೈರ್ಯ ಅವಳಿಗೆ ಒಂದು ಗಳಿಗೆಯೂ ಬರಲಿಲ್ಲ.

ಐದು ದಿನ ಉಳಿದಿರುವಾಗ ಸಮಿತಿಯ ಆದೇಶ ಬಂತು. ಇನ್ನು ಮುಂದೆ ಮೂಲ ಉತ್ತರಗಳು ಎರಡು. ಯಾರ ಹೃದಯ ಯಾವ ಆವೃತ್ತಿಯಲ್ಲಿ ಶುರುವಾಯಿತೋ ಅವರಿಗೆ ಅದರದೇ ಉತ್ತರಕ್ಕೆ ತಾಳೆ ನೋಡಬೇಕು. ಹಳಬರಿಗೆ ಹದಿನಾಲ್ಕು, ಆಸ್ಪತ್ರೆಯಲ್ಲಿ ನಿಗಾದಲ್ಲಿದ್ದ ಆ ಐವರಿಗೂ ಅದೇ. ಮೌಲಾಸಾಬ ನದಾಫರ ವರದಿ ರದ್ದು. ಕಸ್ತೂರಿ ಅಮ್ಮಿನಭಾವಿಯ ಮೇಲೆ ವಿಚಾರಣೆ, ಅದು ಮುಗಿಯುವವರೆಗೆ ಕೆಲಸದಿಂದ ದೂರ.

ಆಪರೇಷನ್ನಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫಕೀರಪ್ಪನನ್ನು ಒಳಗೆ ಕರೆದೊಯ್ದರು. ಹದಿನೆಂಟು ವರ್ಷ ಆ ಕಂಟ್ರೋಲ್ ರೂಮಿನಲ್ಲಿ ಕೂತವಳು ಅವತ್ತು ಹೊರಗೆ ಬೆಂಚಿನ ಮೇಲೆ ಕೂತಳು, ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಮಾತು ಬಿಟ್ಟ ವೈನಿ. ಬಾಗಿಲಿನ ಗಾಜಿನಲ್ಲಿ ಪರದೆಯ ಒಂದು ಮೂಲೆ ಕಾಣುತ್ತಿತ್ತು. ಅಲ್ಲಿ ಹಸಿರು ಗೆರೆ ಲೆಕ್ಕದ ಹೃದಯದ್ದು, ಬಿಳಿಯದು ಅಣ್ಣನದು. ಹಳೆಯ ಪೆಟ್ಟಿಗೆ ನಿಲ್ಲಿಸಿದಾಗ ಹಸಿರು ಗೆರೆ ಆರಿಹೋಯಿತು. ಬಿಳಿ ಗೆರೆ ಒಂದೇ ಅಡ್ಡಾದಿಡ್ಡಿ ಓಡತೊಡಗಿತು. ಕಸ್ತೂರಿ ಎಣಿಸಿದಳು. ಹದಿನೇಳನ್ನು ಎಣಿಸುವಾಗ ಹಸಿರು ಗೆರೆ ಮತ್ತೆ ಮೂಡಿತು. ಬಿಳಿಯದು ಎರಡು ಸಲ ತಡವರಿಸಿತು, ಮೂರನೆಯ ಸಲಕ್ಕೆ ಅದರ ಹಿಂದೆ ಬಂದು ನಿಂತಿತು, ಆಮೇಲೆ ಅಲ್ಲೇ ಉಳಿಯಿತು.

ಅರ್ಧ ಗಂಟೆಯ ಮೇಲೆ ವೈದ್ಯರು ಹೊರಗೆ ಬಂದು ತಡವೇನೂ ಇಲ್ಲ, ಹಳೆಯದರ ಹಾಗೆಯೇ ನಡೆಯುತ್ತಿದೆ ಅಂದರು. ವೈನಿ ಕಣ್ಣೊರೆಸಿಕೊಂಡಳು. ಕಸ್ತೂರಿಯ ಕಡೆ ನೋಡದೆಯೇ, “ಮುಂಜಾನಿಂದ ಏನರೆ ತಿಂದೀಯೇನು?” ಎಂದು ಕೇಳಿದಳು. ಇಲ್ಲವೆಂದಳು ಕಸ್ತೂರಿ.

ಫಕೀರಪ್ಪ ತನ್ನ ಕಾಲ ಮೇಲೆ ತಾನು ಗರಡಿಯವರೆಗೆ ನಡೆಯಲು ಇನ್ನೂ ಹದಿನೆಂಟು ದಿನ ಬೇಕಾದವು. ಆ ದಿನ ಬೆಳಿಗ್ಗೆ ಮೆಹಬೂಬಿ ಬುರ್ಖಾ ಹಾಕಿಕೊಂಡು ಒಬ್ಬಳೇ ಬಂದಳು. ಗರಡಿಯ ಬಾಗಿಲು ಗಿಡ್ಡ, ಬಗ್ಗದೆ ಒಳಗೆ ಹೋಗಲಾಗದು. ಹೆಂಗಸರು ಅದರೊಳಗೆ ಕಾಲಿಡುವ ಪದ್ಧತಿ ಇರಲಿಲ್ಲ, ಆದ್ದರಿಂದ ಕಸ್ತೂರಿ ಹೊರಗೆ ಕಟ್ಟೆಯ ಹತ್ತಿರ ನಿಂತಳು. ಒಳಗಿದ್ದ ಹದಿನೈದು ಇಪ್ಪತ್ತು ಪೈಲ್ವಾನರು ಸಾಮು ನಿಲ್ಲಿಸಿ ನೋಡಿದರು.

“ಹೊರಗ ನಿಂತ ಹೇಳೂ ಮಾತಲ್ಲ ಇದು,” ಅಂದ ಫಕೀರಪ್ಪ. “ಇಬ್ರೂ ಒಳಗ ಬರ್ರಿ.”

ವಯಸ್ಸಾದ ಪೈಲ್ವಾನರೊಬ್ಬರು ಸರಿದು ದಾರಿ ಬಿಟ್ಟರು. ಮೆಹಬೂಬಿ ಚಪ್ಪಲಿ ಕಳಚಿ, ತಲೆ ಬಗ್ಗಿಸಿ ಮೊದಲು ಒಳಗೆ ಹೋದಳು. ಕಸ್ತೂರಿ ಅವಳ ಹಿಂದೆ ಹೋದಳು. ಕೆಂಪು ಮಣ್ಣು ಕಾಲಿಗೆ ತಣ್ಣಗೆ ತಗುಲಿತು, ಎಣ್ಣೆ ಅರಿಸಿನದ ವಾಸನೆ ಮೂಗಿಗೆ ಬಂತು. ಸಮಿತಿಗೆ ಬರೆದ ಏಳು ಪುಟದಲ್ಲಿ ಒಂದು ಮಾತೂ ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

“ಮೌಲಾಸಾಬ ವಸ್ತಾದರು ಹಟಾ ಮಾಡಿ ಸತ್ತಿಲ್ಲ,” ಅಂದಳು. “ಭಾಬಿಗೆ ಕೊಟ್ಟ ಮಾತ ಅವರು ಮೀರಿಲ್ಲ. ಅವರ ಎದಿ ಕಲ್ತದ್ದನ್ನ ನಾ ಅಳಿಸಿ ಹಾಕಿದ್ದೆ. ಅಳಿಸಿದ್ದು ನನಗ ನೆನಪ ಸೈತ ಇರಲಿಲ್ಲ. ತಪ್ಪ ನಂದು.”

ಧ್ವನಿ ಸಣ್ಣದಾಗಿತ್ತು, ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸಿರಲಿಲ್ಲ. ಮೆಹಬೂಬಿ ಅವಳ ಕಡೆ ತಿರುಗಿದಳು.

“ಮತ್ತೊಮ್ಮೆ ಹೇಳು,” ಅಂದಳು. “ಎಲ್ಲಾರಿಗೂ ಕೇಳೂ ಹಂಗ ಹೇಳು.”

ಕಸ್ತೂರಿ ಮತ್ತೊಮ್ಮೆ ಹೇಳಿದಳು.